ಟ್ಯಾಂಕಿನೊಳಗಿನ ತೇಲು, ಡ್ಯಾಶ್‌ಬೋರ್ಡಿನ ಮುಳ್ಳು



ಕೊಪ್ಪ ತಾಲ್ಲೂಕಿನ ನಾರ್ವೆಯ ಕಡೆಗೋ, ಶೃಂಗೇರಿ ಅಥವಾ ನರಸಿಂಹರಾಜಪುರದ ಒಳಭಾಗಕ್ಕೋ ಹೋದವರಿಗೆ ಒಂದು ಸಂಗತಿ ಕಣ್ಣಿಗೆ ಬೀಳದೆ ಇರದು. ಅಲ್ಲಿ ಊರೆಂದರೆ ಬಯಲುಸೀಮೆಯ ಹಾಗೆ ಒತ್ತೊತ್ತಾಗಿ ಕಟ್ಟಿದ ಮನೆಗಳ ಸಾಲಲ್ಲ. ಗುಡ್ಡದ ಒಂದು ಮಗ್ಗುಲಿಗೆ ಒಂದು ಮನೆ, ಅದರ ಕೆಳಗೆ ಅಡಿಕೆ ತೋಟ, ತೋಟದಾಚೆ ಹಳ್ಳ, ಹಳ್ಳ ದಾಟಿ ಏರಿದರೆ ಇನ್ನೊಂದು ಮನೆ. ಇಂಥ ಮನೆಯಂಗಳಕ್ಕೆ ಏರಿ ಬರುವ ವಾಹನ ಜೀಪು. ಅದು ಬೊಲೆರೊ ಆಗಿರಲಿ, ಸ್ಕಾರ್ಪಿಯೊ ಆಗಿರಲಿ, ಹಳೆಯ ಬಿಚ್ಚುತಲೆಯ ವಾಹನವಾಗಿರಲಿ, ಹಳಬರ ಬಾಯಲ್ಲಿ ಎಲ್ಲವೂ ಜೀಪೇ. ಗೊಬ್ಬರ ತರುವುದು, ಅಡಿಕೆ ಮೂಟೆ ಸಾಗಿಸುವುದು, ಮಕ್ಕಳನ್ನು ಶಾಲೆಗೆ ಬಿಡುವುದು, ಮಳೆಗಾಲದ ರಾತ್ರಿಯಲ್ಲಿ ಕಾಯಿಲೆಯವರನ್ನು ಕೊಪ್ಪಕ್ಕೋ, ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೋ ಸಾಗಿಸುವುದು, ಇವೆಲ್ಲವೂ ಅದರ ಪಾಲಿನ ಕೆಲಸ.

1940ರ ದಶಕದ ಕೊನೆಯಲ್ಲಿ ಮಹೀಂದ್ರ ಸಂಸ್ಥೆ ಮುಂಬಯಿಯಲ್ಲಿ ವಿಲ್ಲಿಸ್ ಜೀಪುಗಳ ಜೋಡಣೆಯನ್ನು ಆರಂಭಿಸಿತು. ಆ ಕಾಲದ ಜೀಪಿನಲ್ಲಿ ಇಂಧನದ ಟ್ಯಾಂಕು ಇದ್ದದ್ದು ಚಾಲಕನ ಸೀಟಿನ ಅಡಿಯಲ್ಲಿ. ಸಂದೇಹ ಬಂದರೆ ಮುಚ್ಚಳ ತೆಗೆದು ಒಂದು ಒಣ ಬಿದಿರು ಕಡ್ಡಿಯನ್ನು ಇಳಿಬಿಟ್ಟು, ಎಷ್ಟು ಒದ್ದೆಯಾಗಿದೆಯೆಂದು ನೋಡಿದರಾಯಿತು. 1994ರಲ್ಲಿ ಬಂದ ಟಾಟಾ ಸುಮೊ, 2000ದಲ್ಲಿ ಬಂದ ಬೊಲೆರೊ, 2002ರಲ್ಲಿ ಬಂದ ಸ್ಕಾರ್ಪಿಯೊ ಮುಂತಾದ ವಾಹನಗಳಲ್ಲಿ, ಅಂದರೆ ಇಂದು ನಾವು ಎಸ್‌ಯುವಿ ಎಂದು ಕರೆಯುವ ಜಾತಿಯಲ್ಲಿ, ಟ್ಯಾಂಕಿನ ಕೊಳವೆ ಬಾಗಿ ಬಳುಕಿ ಹೋಗುವುದರಿಂದ ಕಡ್ಡಿಯ ಆಟ ನಡೆಯುವುದಿಲ್ಲ. ಚಾಲಕನಿಗೆ ಉಳಿದ ಏಕೈಕ ಸಾಕ್ಷಿ ಎಂದರೆ ಡ್ಯಾಶ್‌ಬೋರ್ಡಿನ ಮೇಲಿನ ಮುಳ್ಳು. ಆ ಸಾಕ್ಷಿಯೇ ಸುಳ್ಳು ಹೇಳಿದರೆ?

ಸುಳ್ಳು ಎರಡು ಬಗೆಯದು. ಟ್ಯಾಂಕಿನಲ್ಲಿ ಇಂಧನ ಇದ್ದೂ ಇಲ್ಲವೆಂದು ತೋರಿಸುವುದು ಒಂದು ಬಗೆ. ಇದರಿಂದ ಗಾಬರಿಯ ಹೊರತು ಬೇರೆ ನಷ್ಟವಿಲ್ಲ. ಇಲ್ಲದೆಯೂ ಇದೆಯೆಂದು ತೋರಿಸುವುದು ಎರಡನೆಯ ಬಗೆ. ಡೀಸೆಲ್ ವಾಹನದಲ್ಲಿ ಇದರ ಪರಿಣಾಮ ಬರೀ ನಿಂತುಹೋಗುವುದಕ್ಕೆ ಮುಗಿಯುವುದಿಲ್ಲ. ಟ್ಯಾಂಕು ಪೂರ್ತಿ ಬತ್ತಿದಾಗ ಕೊಳವೆಗಳೊಳಗೆ ಗಾಳಿ ಸೇರಿಕೊಳ್ಳುತ್ತದೆ. ಆಮೇಲೆ ಕ್ಯಾನಿನಲ್ಲಿ ಡೀಸೆಲ್ ತಂದು ಸುರಿದರೂ ಎಂಜಿನ್ ಹೊತ್ತಿಕೊಳ್ಳದು. ಕೈಪಂಪು ಒತ್ತಿ ಒತ್ತಿ ಗಾಳಿಯನ್ನು ಹೊರದಬ್ಬಬೇಕು. ಜಡಿಮಳೆಯಲ್ಲಿ, ಘಾಟಿಯ ತಿರುವಿನಲ್ಲಿ, ಹಿಂದಿನ ಸೀಟಿನಲ್ಲಿ ಕಾಯಿಲೆಯವರನ್ನು ಮಲಗಿಸಿಕೊಂಡು ಇದನ್ನು ಮಾಡುವುದೆಂದರೆ ಏನೆಂದು ಮಲೆನಾಡಿನವರಿಗೆ ವಿವರಿಸಬೇಕಾಗಿಲ್ಲ.

ಮುಳ್ಳು ಸುಳ್ಳಾಡುವುದಕ್ಕೆ ಹೆಚ್ಚಿನ ಸಂದರ್ಭಗಳಲ್ಲಿ ಕಾರಣ ಮುಳ್ಳಲ್ಲ, ಟ್ಯಾಂಕಿನೊಳಗಿರುವ ಸಂವೇದಕ. ಮೆಕ್ಯಾನಿಕ್‌ಗಳು ಇದನ್ನು ‘ಟ್ಯಾಂಕ್ ಯೂನಿಟ್’ ಎನ್ನುತ್ತಾರೆ. ಕೆಲವರು ಬರೀ ‘ಫ್ಲೋಟ್’ ಎನ್ನುವುದೂ ಉಂಟು. ಇದು ಹೇಗೆ ಕೆಲಸ ಮಾಡುತ್ತದೆ, ಏಕೆ ಕೆಡುತ್ತದೆ, ಮನೆಯಂಗಳದಲ್ಲೇ ಇದನ್ನು ಬದಲಾಯಿಸಬಹುದೇ, ಬದಲಾಯಿಸುವಾಗ ಯಾವುದಕ್ಕೆ ಹೆದರಬೇಕು ಎಂಬುದನ್ನು ನೋಡೋಣ. ಇದಕ್ಕೆ ಬೇಕಾದ ಭೌತಶಾಸ್ತ್ರವೆಲ್ಲವೂ ನಿಮ್ಮ ಪಠ್ಯಪುಸ್ತಕದಲ್ಲಿ ಈಗಾಗಲೇ ಇದೆ.

ತೇಲು ಮತ್ತು ಓಮ್

ಟ್ಯಾಂಕಿನೊಳಗೆ ಒಂದು ತೆಳುವಾದ ಲೋಹದ ಕಡ್ಡಿ. ಅದರ ಒಂದು ತುದಿಗೆ ಇಂಧನದ ಮೇಲೆ ತೇಲುವ ಬುರುಡೆ. ಹಿಂದೆ ಇದನ್ನು ಹಿತ್ತಾಳೆಯ ತಗಡಿನಿಂದ ಟೊಳ್ಳಾಗಿ ಮಾಡಿ ಬೆಸುಗೆ ಹಾಕುತ್ತಿದ್ದರು. ಈಗ ಪ್ಲಾಸ್ಟಿಕ್ಕು ಅಥವಾ ಇಂಧನಕ್ಕೆ ಕರಗದ ರಬ್ಬರು. ಕಡ್ಡಿಯ ಇನ್ನೊಂದು ತುದಿ ಒಂದು ಕೀಲಿನ ಸುತ್ತ ತಿರುಗುತ್ತದೆ. ಇಂಧನದ ಮಟ್ಟ ಏರಿದರೆ ಬುರುಡೆ ಏರುತ್ತದೆ, ಕಡ್ಡಿ ತಿರುಗುತ್ತದೆ. ತಿರುಗುವಾಗ ಅದಕ್ಕೆ ಅಂಟಿದ ಒಂದು ಸಣ್ಣ ಲೋಹದ ನಾಲಗೆ, ರೋಧಕದ ಪಟ್ಟಿಯೊಂದರ ಮೇಲೆ ಜಾರುತ್ತದೆ. ನಿಮ್ಮ ಪ್ರಯೋಗಶಾಲೆಯ ರಿಯೋಸ್ಟಾಟ್ ಇದೇ ಅಲ್ಲವೇ? ಅಲ್ಲಿ ಜಾರುವ ಗುಂಡಿಯನ್ನು ನೀವು ಕೈಯಿಂದ ತಳ್ಳುತ್ತೀರಿ, ಇಲ್ಲಿ ಡೀಸೆಲ್ ತಳ್ಳುತ್ತದೆ.

ಈ ರೋಧಕದಿಂದ ಒಂದು ವೈರು ಡ್ಯಾಶ್‌ಬೋರ್ಡಿನ ಮೀಟರಿಗೆ ಹೋಗುತ್ತದೆ. ಇನ್ನೊಂದು ತುದಿ ವಾಹನದ ಲೋಹದ ಮೈಗೆ, ಅಂದರೆ ಅರ್ಥಿಂಗಿಗೆ, ಸೇರುತ್ತದೆ. ಬ್ಯಾಟರಿ, ಮೀಟರು, ಟ್ಯಾಂಕ್ ಯೂನಿಟ್, ಮತ್ತೆ ವಾಹನದ ಮೈ, ಮತ್ತೆ ಬ್ಯಾಟರಿ: ಇದು ಒಂದು ಸರಳ ಶ್ರೇಣಿ ಮಂಡಲ. ಪ್ರಪಂಚದ ತಯಾರಕರು ಬೇರೆ ಬೇರೆ ರೋಧಗಳನ್ನು ಆರಿಸಿಕೊಂಡಿದ್ದಾರೆ. ಟ್ಯಾಂಕು ಖಾಲಿಯಾದಾಗ 240 ಓಮ್, ತುಂಬಿದಾಗ 33 ಓಮ್ ಎಂಬುದು ಒಂದು ಪ್ರಸಿದ್ಧ ಅಳತೆ. ಖಾಲಿಗೆ 10, ತುಂಬಿದಾಗ 180 ಎಂಬ ತಲೆಕೆಳಗಾದ ಕ್ರಮವೂ ಯುರೋಪಿನ ಮೀಟರುಗಳಲ್ಲಿದೆ. ಆದ್ದರಿಂದ ಒಂದು ವಾಹನದ ಟ್ಯಾಂಕ್ ಯೂನಿಟ್ಟನ್ನು ಇನ್ನೊಂದಕ್ಕೆ ಹಾಕಿದರೆ, ಸ್ಕ್ರೂಗಳು ಸರಿಯಾಗಿ ಕೂತರೂ, ಮುಳ್ಳು ಸರಿಯಾಗಿ ಕೂರಬೇಕೆಂದೇನೂ ಇಲ್ಲ.

ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ. ಬ್ಯಾಟರಿ 12 ವೋಲ್ಟ್ ಇರಲಿ, ಮೀಟರಿನ ರೋಧ 60 ಓಮ್ ಎಂದು ಲೆಕ್ಕದ ಅನುಕೂಲಕ್ಕಾಗಿ ಇಟ್ಟುಕೊಳ್ಳೋಣ. ಟ್ಯಾಂಕು ಖಾಲಿ ಇದ್ದಾಗ ಒಟ್ಟು ರೋಧ 300 ಓಮ್. ಓಮ್‌ನ ನಿಯಮದ ಪ್ರಕಾರ ಪ್ರವಾಹ 40 ಮಿಲಿಆಂಪಿಯರ್. ತುಂಬಿದಾಗ ಒಟ್ಟು ರೋಧ 93 ಓಮ್. ಪ್ರವಾಹ ಸುಮಾರು 129 ಮಿಲಿಆಂಪಿಯರ್. ಅರ್ಧ ಟ್ಯಾಂಕಿಗೆ ಈ ಬಗೆಯ ಯೂನಿಟ್ಟಿನಲ್ಲಿ ಸುಮಾರು 103 ಓಮ್ ಇರುತ್ತದೆ. ಆಗ ಪ್ರವಾಹ ಸುಮಾರು 74 ಮಿಲಿಆಂಪಿಯರ್. ಪ್ರವಾಹ ಹೆಚ್ಚಿದಷ್ಟೂ ಮುಳ್ಳು ‘ಎಫ್’ ಕಡೆಗೆ ವಾಲುತ್ತದೆ.

ಈಗ ಇದಕ್ಕೆ ಮಲೆನಾಡಿನ ಮಳೆಯನ್ನು ಸೇರಿಸಿ. ನೆರೆಯ ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗಿಂತ ಹೆಚ್ಚು ಮಳೆ ಸುರಿಯುತ್ತದೆ. ಕೆಸರು, ಹಸಿ ಎಲೆ, ಹಾವಸೆ ಎಲ್ಲವೂ ವಾಹನದ ತಳಭಾಗಕ್ಕೆ ಮೆತ್ತಿಕೊಂಡು ತಿಂಗಳುಗಟ್ಟಲೆ ಒಣಗುವುದಿಲ್ಲ. ಅರ್ಥಿಂಗ್ ವೈರು ಮೈಗೆ ಕೂಡುವ ಜಾಗದಲ್ಲಿ ತುಕ್ಕು ಹಿಡಿಯುತ್ತದೆ. ತುಕ್ಕು ಕೆಟ್ಟ ವಾಹಕ. ಅದು ಮಂಡಲದಲ್ಲಿ 30 ಓಮ್‌ನಷ್ಟು ಹೆಚ್ಚುವರಿ ರೋಧವನ್ನು ತಂದಿಟ್ಟಿತು ಎನ್ನಿ. ಟ್ಯಾಂಕು ತುಂಬಿದ್ದರೂ ಒಟ್ಟು ರೋಧ ಈಗ 123 ಓಮ್, ಪ್ರವಾಹ 98 ಮಿಲಿಆಂಪಿಯರ್. ಮುಳ್ಳು ಮುಕ್ಕಾಲಿನ ಸಮೀಪದಲ್ಲೇ ನಿಂತುಬಿಡುತ್ತದೆ. ಯೂನಿಟ್ ಸರಿಯಾಗಿಯೇ ಇದೆ, ತಪ್ಪು ಮಾಡಿದ್ದು ತುಕ್ಕು. ಹೊಸ ಯೂನಿಟ್ ತಂದು ಹಾಕಿದರೂ ಮುಳ್ಳು ಅಲ್ಲೇ ನಿಲ್ಲುತ್ತದೆ. ಹಣ ಕೊಟ್ಟವರಿಗೆ ಸಿಟ್ಟು ಬರುತ್ತದೆ. ಆದ್ದರಿಂದ ಬಿಚ್ಚುವ ಮೊದಲು ರೋಗ ಯಾವುದೆಂದು ತಿಳಿಯಬೇಕು.

ಮೀಟರಿನ ಬಗ್ಗೆ ಎರಡು ಮಾತು. ಕೀ ತಿರುಗಿಸಿದ ಮೇಲೆ ನಿಧಾನವಾಗಿ, ಗತ್ತಿನಿಂದ ಏರುವ ಮುಳ್ಳಾದರೆ ಅದರೊಳಗೆ ದ್ವಿಲೋಹ ಪಟ್ಟಿ ಇರುತ್ತದೆ. ಪ್ರವಾಹ ಹರಿದು ತಂತಿ ಬಿಸಿಯಾಗಿ, ಎರಡು ಲೋಹಗಳು ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗಿ, ಪಟ್ಟಿ ಬಾಗಿ ಮುಳ್ಳನ್ನು ತಳ್ಳುತ್ತದೆ. ಈ ನಿಧಾನ ಒಂದು ಗುಣವೇ ಸರಿ, ಏಕೆಂದರೆ ಹೊಂಡದಲ್ಲಿ ಇಂಧನ ತುಳುಕಿದರೂ ಮುಳ್ಳು ಕುಣಿಯುವುದಿಲ್ಲ. ಕೀ ತಿರುಗಿಸಿದ ಕೂಡಲೇ ಜಿಗಿಯುವ ಮುಳ್ಳಾದರೆ ಅದು ಕಾಂತೀಯ ಸುರುಳಿಗಳದು. ಇತ್ತೀಚಿನ ವಾಹನಗಳಲ್ಲಿ ರೋಧವನ್ನು ಅಳೆಯುವುದು ಒಂದು ಪುಟ್ಟ ಗಣಕ. ಅದು ಹಲವು ಅಳತೆಗಳ ಸರಾಸರಿ ತೆಗೆದು ಮುಳ್ಳಿಗೆ ಆಜ್ಞೆ ಕೊಡುತ್ತದೆ.

ಇಳಿಜಾರಿನ ತಮಾಷೆ

ರೋಗವೇ ಇಲ್ಲದ ಯೂನಿಟ್ಟೂ ಮಲೆನಾಡಿನಲ್ಲಿ ತಪ್ಪು ಹೇಳುತ್ತದೆ. ಇದು ದ್ರವದ ಸ್ವಭಾವ. 80 ಸೆಂಟಿಮೀಟರ್ ಉದ್ದ, 25 ಸೆಂಟಿಮೀಟರ್ ಆಳದ ಒಂದು ಪೆಟ್ಟಿಗೆಯಂಥ ಟ್ಯಾಂಕನ್ನು ಊಹಿಸಿಕೊಳ್ಳಿ. ಅರ್ಧ ತುಂಬಿದೆ, ಆಳ ಹನ್ನೆರಡೂವರೆ ಸೆಂಟಿಮೀಟರ್. ಈಗ ಜೀಪು 10 ಡಿಗ್ರಿ ಓರೆಯ ಏರಿನಲ್ಲಿ ನಿಂತಿದೆ, ಅಂದರೆ ಸುಮಾರು ಆರಡಿ ಮುಂದೆ ಹೋದರೆ ಒಂದಡಿ ಮೇಲೇರುವ ರಸ್ತೆ. ತೋಟದ ಮನೆಗೆ ಹೋಗುವ ದಾರಿಗಳಲ್ಲಿ ಇದೇನೂ ಅಪರೂಪವಲ್ಲ. 10 ಡಿಗ್ರಿಯ ಟ್ಯಾಂಜೆಂಟ್ 0.176. ಟ್ಯಾಂಕಿನ ಮಧ್ಯದಿಂದ ತುದಿಗೆ 40 ಸೆಂಟಿಮೀಟರ್. ಆದ್ದರಿಂದ ಕೆಳತುದಿಯಲ್ಲಿ ಇಂಧನದ ಆಳ 7 ಸೆಂಟಿಮೀಟರಿನಷ್ಟು ಹೆಚ್ಚುತ್ತದೆ, ಮೇಲ್ತುದಿಯಲ್ಲಿ ಅಷ್ಟೇ ಕಡಿಮೆಯಾಗುತ್ತದೆ. ತೇಲು ಕೆಳತುದಿಯಲ್ಲಿದ್ದರೆ ಮುಳ್ಳು ಮುಕ್ಕಾಲನ್ನೂ ಮೀರುತ್ತದೆ, ಮೇಲ್ತುದಿಯಲ್ಲಿದ್ದರೆ ಕಾಲಿಗೂ ಇಳಿಯುತ್ತದೆ. ಟ್ಯಾಂಕಿನ ಹೊಟ್ಟೆಯಲ್ಲಿರುವುದು ಮಾತ್ರ ಎರಡು ಸಲವೂ ಅರ್ಧವೇ.

ತೇಲು ನಡುಮಧ್ಯದಲ್ಲಿದ್ದರೆ ಈ ತಪ್ಪು ಬಹುಮಟ್ಟಿಗೆ ಇಲ್ಲವಾಗುತ್ತದೆ. ಎಲ್ಲ ಟ್ಯಾಂಕುಗಳಲ್ಲೂ ಹಾಗೆ ಇಡಲು ಜಾಗ ಸಿಗುವುದಿಲ್ಲ. ಹಾಗಾಗಿ ಮುಳ್ಳನ್ನು ನೋಡಬೇಕಾದದ್ದು ಸಮನಾದ ಜಾಗದಲ್ಲಿ. ಏರಿನಲ್ಲಿ ಒಂದು, ಇಳಿಜಾರಿನಲ್ಲಿ ಒಂದು ತೋರಿಸುತ್ತದೆಂದು ಯೂನಿಟ್ ಬದಲಾಯಿಸುವುದು ವ್ಯರ್ಥ ಖರ್ಚು.

‘ಮೊದಲ ಅರ್ಧ ಟ್ಯಾಂಕು ನಿಧಾನಕ್ಕೆ ಇಳಿಯುತ್ತದೆ, ಉಳಿದ ಅರ್ಧ ಬೇಗ ಮುಗಿಯುತ್ತದೆ’ ಎಂಬ ದೂರನ್ನೂ ನೀವು ಕೇಳಿರುತ್ತೀರಿ. ಇದು ಭ್ರಮೆಯಲ್ಲ. ಬಂಕಿನಲ್ಲಿ ಕುತ್ತಿಗೆಯವರೆಗೆ ತುಂಬಿಸಿದಾಗ ತೇಲು ಅದಕ್ಕಿಂತ ಮೊದಲೇ ತನ್ನ ಮೇಲಿನ ಮಿತಿಯನ್ನು ಮುಟ್ಟಿರುತ್ತದೆ. ಆಮೇಲಿನ ಲೀಟರುಗಳು ಅದರ ಲೆಕ್ಕಕ್ಕೆ ಬರುವುದಿಲ್ಲ. ಮತ್ತೆ, ಕಡ್ಡಿ ತಿರುಗುವುದು ವೃತ್ತದಲ್ಲಿ, ಇಂಧನ ಇಳಿಯುವುದು ನೇರ ರೇಖೆಯಲ್ಲಿ. ಕೋನಕ್ಕೂ ಎತ್ತರಕ್ಕೂ ಇರುವ ಸಂಬಂಧ ಸೈನ್ ಪಟ್ಟಿಯದು. ಟ್ಯಾಂಕಿನ ಆಕಾರವಂತೂ ಆಕ್ಸಲ್ಲಿಗೂ ಪ್ರೊಪೆಲ್ಲರ್ ಶಾಫ್ಟಿಗೂ ದಾರಿ ಬಿಟ್ಟು ಉಳಿದ ಜಾಗದ ಆಕಾರ. ಕೆಲವು ಯೂನಿಟ್ಟುಗಳಲ್ಲಿ ರೋಧದ ತಂತಿಯನ್ನು ಸುತ್ತುವ ಪಟ್ಟಿಯನ್ನೇ ಒಂದು ಕಡೆ ಅಗಲ, ಒಂದು ಕಡೆ ಕಿರಿದು ಮಾಡಿ ಈ ವಕ್ರತೆಯನ್ನು ಸರಿದೂಗಿಸುತ್ತಾರೆ. ಬಹಳ ಜಾಣತನದ ಉಪಾಯ ಇದು.

ಇಷ್ಟಾದ ಮೇಲೆ ನಿಜವಾದ ಕಾಯಿಲೆಗಳು. ತೇಲಿನ ಬೆಸುಗೆ ಬಿರಿದು ಒಳಗೆ ಇಂಧನ ನುಗ್ಗಿದರೆ ಅದು ಮುಳುಗುತ್ತದೆ. ಮುಳ್ಳು ಸದಾ ‘ಇ’ ಬಳಿ ಬಿದ್ದಿರುತ್ತದೆ. ನಾಲಗೆ ವರ್ಷಾನುಗಟ್ಟಲೆ ಜಾರಿ ರೋಧಕದ ಪಟ್ಟಿ ಸವೆದರೆ, ಮುಳ್ಳು ಒಂದು ನಿರ್ದಿಷ್ಟ ಜಾಗದಲ್ಲಿ ಮಾತ್ರ ಹುಚ್ಚೆದ್ದು ಕುಣಿಯುತ್ತದೆ. ಯಾವಾಗಲೂ ಅರ್ಧ ಟ್ಯಾಂಕಿನ ಸುತ್ತಮುತ್ತ ಓಡಿಸುವವರ ವಾಹನದಲ್ಲಿ ಸವೆತವೂ ಅಲ್ಲೇ. ಇಂಧನದಲ್ಲಿನ ಗಂಧಕ ಬೆಳ್ಳಿ ಲೇಪದ ಸಂಪರ್ಕಗಳನ್ನು ಕಪ್ಪಾಗಿಸುವುದೂ ಉಂಟು. 2004ರಲ್ಲಿ ಅಮೆರಿಕದ ಫ್ಲಾರಿಡಾ ಮತ್ತು ಲೂಸಿಯಾನಗಳಲ್ಲಿ ಗಂಧಕ ಸೇರಿದ ಪೆಟ್ರೋಲ್ ಮಾರಾಟವಾಗಿ ಅನೇಕ ಕಾರುಗಳ ಇಂಧನ ಮೀಟರುಗಳು ಕೆಟ್ಟುಹೋದವು. ಮನೆಯ ಬೆಳ್ಳಿ ಲೋಟ ಕಪ್ಪಾಗುವ ರಸಾಯನವೇ ಇಲ್ಲಿಯದೂ.

ಇಂಧನ ಮುಳ್ಳಿನ ಜೊತೆಗೆ ಎಂಜಿನ್ನಿನ ಉಷ್ಣತೆ ತೋರಿಸುವ ಮುಳ್ಳೂ ಒಟ್ಟಿಗೇ ದಾರಿ ತಪ್ಪಿದರೆ, ಟ್ಯಾಂಕಿನ ತಂಟೆಗೆ ಹೋಗಲೇಬೇಡಿ. ಎರಡಕ್ಕೂ ಸಾಮಾನ್ಯವಾಗಿರುವ ಫ್ಯೂಸು, ಅರ್ಥಿಂಗು ಅಥವಾ ಮೀಟರಿಗೆ ಸ್ಥಿರ ವೋಲ್ಟೇಜು ಕೊಡುವ ಭಾಗವನ್ನು ಹುಡುಕಿ.

ಆವಿಯ ಲೆಕ್ಕ

ಜಾಣ ವಿದ್ಯಾರ್ಥಿ ಇಲ್ಲೊಂದು ಪ್ರಶ್ನೆ ಕೇಳಬೇಕು. ಪೆಟ್ರೋಲ್ ಟ್ಯಾಂಕಿನೊಳಗೆ ವಿದ್ಯುತ್ ಹರಿಯುವ, ಅದೂ ಜಾರುವ ಸಂಪರ್ಕವೊಂದನ್ನು ಇಟ್ಟಿದ್ದಾರಲ್ಲ, ಬೆಂಕಿ ಹತ್ತುವುದಿಲ್ಲವೇ?

ಹತ್ತುವುದಿಲ್ಲ, ಎರಡು ಕಾರಣಗಳಿಗಾಗಿ. ಒಂದು, ಪ್ರವಾಹ ತೀರಾ ಸಣ್ಣದು. 60 ವ್ಯಾಟಿನ ಹೆಡ್‌ಲೈಟು 5 ಆಂಪಿಯರ್ ಎಳೆಯುತ್ತದೆ; ನಮ್ಮ ಲೆಕ್ಕದ ಯೂನಿಟ್ಟಿನಲ್ಲಿ ಅದರ ಸುಮಾರು ಮೂವತ್ತೊಂಬತ್ತನೆಯ ಒಂದು ಪಾಲು ಮಾತ್ರ. ಎರಡನೆಯದು ಇನ್ನೂ ಸ್ವಾರಸ್ಯದ್ದು. ಪೆಟ್ರೋಲಿನ ಆವಿ ಉರಿಯಬೇಕಾದರೆ ಗಾಳಿಯಲ್ಲಿ ಅದರ ಪ್ರಮಾಣ ಶೇಕಡ 1.4ರಿಂದ 7.6ರ ಆಸುಪಾಸಿನಲ್ಲಿರಬೇಕು. ಕಡಿಮೆಯಾದರೆ ಉರಿಯಲು ಇಂಧನ ಸಾಲದು, ಹೆಚ್ಚಾದರೆ ಆಮ್ಲಜನಕ ಸಾಲದು. ಮುಚ್ಚಿದ ಪೆಟ್ರೋಲ್ ಟ್ಯಾಂಕಿನ ಮೇಲ್ಭಾಗದಲ್ಲಿ ಆವಿ ಈ ಮೇಲಿನ ಮಿತಿಯನ್ನು ಮೀರಿ ದಟ್ಟವಾಗಿರುತ್ತದೆ.

ಈಗ ಯೋಚಿಸಿ, ನೀವು ಟ್ಯಾಂಕನ್ನು ತೆರೆದಾಗ ಏನಾಗುತ್ತದೆ? ಹೊರಗಿನ ಗಾಳಿ ಒಳಗೆ ಹೋಗುತ್ತದೆ, ಒಳಗಿನ ಆವಿ ಹೊರಗೆ ಬರುತ್ತದೆ. ದಟ್ಟವಾಗಿದ್ದ ಮಿಶ್ರಣ ತೆಳುವಾಗುತ್ತಾ, ಉರಿಯಬಲ್ಲ ಪ್ರಮಾಣದ ಮೂಲಕವೇ ಹಾದುಹೋಗಬೇಕು. ಮುಚ್ಚಿದ್ದಾಗ ಸಾಧುವಾಗಿದ್ದ ಟ್ಯಾಂಕು ತೆರೆದ ಕ್ಷಣದಿಂದ ಅಪಾಯಕಾರಿ. ಅರೆಬರೆ ಖಾಲಿಯಾದ ಟ್ಯಾಂಕು ತುಂಬಿದ ಟ್ಯಾಂಕಿಗಿಂತ ಹೆಚ್ಚು ಅಪಾಯಕಾರಿ ಎಂಬ ಮಾತಿನ ಅರ್ಥವೂ ಇದೇ.

ಪೆಟ್ರೋಲಿನ ಆವಿ ಗಾಳಿಗಿಂತ ಮೂರು-ನಾಲ್ಕು ಪಟ್ಟು ಭಾರ. ಹೊಗೆಯಂತೆ ಮೇಲೇರದೆ ನೆಲಕ್ಕೆ ಅಂಟಿಕೊಂಡು, ಇಳಿಜಾರಿನ ಕಡೆಗೆ ನೀರಿನಂತೆ ಹರಿಯುತ್ತದೆ, ಕಣ್ಣಿಗೆ ಮಾತ್ರ ಕಾಣುವುದಿಲ್ಲ. ಮಲೆನಾಡಿನ ಮನೆಗಳಲ್ಲಿ ಬಚ್ಚಲ ಹಂಡೆಯ ಒಲೆ ದಿನವಿಡೀ ನಿಗಿನಿಗಿ ಎನ್ನುತ್ತಿರುತ್ತದೆ. ಅಡಿಕೆ ಸುಗ್ಗಿಯಲ್ಲಿ ಅಂಗಳದ ಮೂಲೆಯಲ್ಲಿ ಅಡಿಕೆ ಬೇಯಿಸುವ ಒಲೆಯೂ ಸೇರಿಕೊಳ್ಳುತ್ತದೆ. ಜೀಪಿನ ಶೆಡ್ಡು ಇವುಗಳಿಗಿಂತ ಮೇಲಿದ್ದರೆ ಹತ್ತಾರು ಅಡಿ ದೂರವಿದೆಯೆಂಬ ಧೈರ್ಯ ಸಲ್ಲದು. ಆವಿ ಒಲೆಯವರೆಗೆ ಹರಿದು ಹೋಗಿ, ಬೆಂಕಿ ಅದೇ ದಾರಿಯಲ್ಲಿ ಟ್ಯಾಂಕಿಗೆ ಮರಳಬಲ್ಲದು. ಪೆಟ್ರೋಲ್ ಸೊನ್ನೆಗಿಂತ ನಲವತ್ತು ಡಿಗ್ರಿ ಕೆಳಗಿನ ಚಳಿಯಲ್ಲೂ ಕಿಡಿಗೆ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆಂದರೆ ಕೊಪ್ಪದ ಮಾಗಿ ಚಳಿ ಯಾವ ಲೆಕ್ಕ!

ಡೀಸೆಲ್ ಇಷ್ಟು ಉಗ್ರವಲ್ಲ. ನಮ್ಮ ದೇಶದ ಮಾನದಂಡದಂತೆ ಡೀಸೆಲ್ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹಾಗೆ ಹೊತ್ತಿಕೊಳ್ಳುವ ಆವಿ ಬಿಡಬಾರದು. ಆದರೆ ಏಪ್ರಿಲ್ ಬಿಸಿಲಿನಲ್ಲಿ ನಿಂತ, ಅಥವಾ ಈಗ ತಾನೇ ಓಡಿ ಬಂದ ವಾಹನದ ಟ್ಯಾಂಕು 35 ಡಿಗ್ರಿ ದಾಟುವುದು ದೊಡ್ಡ ಮಾತಲ್ಲ. ಎಂಜಿನ್ನಿನಿಂದ ಮರಳುವ ಬಿಸಿ ಡೀಸೆಲ್ಲೂ ಟ್ಯಾಂಕಿಗೇ ಬೀಳುತ್ತದೆ. ಡೀಸೆಲ್ ಕೆಲಸವನ್ನು ಬೆಳಗಿನ ತಂಪಿನಲ್ಲಿ, ವಾಹನ ತಣಿದ ಮೇಲೆ ಮಾಡುವುದು ಇದೇ ಕಾರಣಕ್ಕೆ.

ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳಿಬಿಡುತ್ತೇನೆ. ಡೀಸೆಲ್ ಜೀಪು, ಯೂನಿಟ್ಟಿಗೆ ಸೀಟಿನ ಅಡಿಯಿಂದಲೋ ನೆಲದ ಮುಚ್ಚಳದಿಂದಲೋ ಕೈ ಎಟುಕುತ್ತದೆ ಎಂದಾದರೆ, ಅನುಭವವಿರುವ ಹಿರಿಯರ ಜೊತೆಯಲ್ಲಿ ಮನೆಯಂಗಳದಲ್ಲೇ ಈ ಕೆಲಸ ಮಾಡಬಹುದು. ಟ್ಯಾಂಕನ್ನೇ ಕೆಳಗಿಳಿಸಬೇಕಾದ ವಾಹನವಾದರೆ ವರ್ಕ್‌ಶಾಪಿಗೆ ಒಯ್ಯಿರಿ. ಪೆಟ್ರೋಲ್ ಇಂಜೆಕ್ಷನ್ ವಾಹನವಾದರೂ ಅಷ್ಟೇ: ಅವುಗಳಲ್ಲಿ ತೇಲು ಮತ್ತು ವಿದ್ಯುತ್ ಪಂಪು ಒಂದೇ ಜೋಡಣೆಯಾಗಿ ಟ್ಯಾಂಕಿನೊಳಗಿರುತ್ತವೆ, ಕೊಳವೆಯಲ್ಲಿ ವಾತಾವರಣದ ಒತ್ತಡದ ಮೂರು-ನಾಲ್ಕು ಪಟ್ಟು ಒತ್ತಡ ಉಳಿದಿರುತ್ತದೆ, ಬಿಚ್ಚಿದೊಡನೆ ಪೆಟ್ರೋಲ್ ಮುಖಕ್ಕೇ ಚಿಮ್ಮಬಹುದು.

ಬಿಚ್ಚುವುದು, ಕೂರಿಸುವುದು

ಮೊದಲು ಪರೀಕ್ಷೆ, ಟ್ಯಾಂಕು ಮುಚ್ಚಿರುವಾಗಲೇ. ಯೂನಿಟ್ಟಿನ ತಲೆಯ ಮೇಲಿನ ವೈರನ್ನು ಕೀ ಆಫ್ ಮಾಡಿ ಕಳಚಿ, ಮಲ್ಟಿಮೀಟರನ್ನು ಓಮ್‌ನಲ್ಲಿಟ್ಟು ಯೂನಿಟ್ಟಿನ ತುದಿಗೂ ವಾಹನದ ಮೈಗೂ ನಡುವಿನ ರೋಧವನ್ನು ಅಳೆಯಿರಿ. ಆಮೇಲೆ ಅದೇ ತುದಿಗೂ ಯೂನಿಟ್ಟಿನ ಲೋಹದ ತಲೆಗೂ, ಅಥವಾ ಅದರ ಅರ್ಥಿಂಗ್ ವೈರಿನ ಬುಡಕ್ಕೂ, ನಡುವೆ ಅಳೆಯಿರಿ. ಎರಡೂ ಒಂದೇ ಇರಬೇಕು. ಮೊದಲನೆಯದು ಹೆಚ್ಚಾಗಿದ್ದರೆ ಕಳ್ಳ ಸಿಕ್ಕಿದ. ಅರ್ಥಿಂಗಿನ ತುಕ್ಕನ್ನು ಮರಳು ಕಾಗದದಿಂದ ಉಜ್ಜಿದರೆ ಸಾಕು. ಮೀಟರು ಅನಂತ ರೋಧ ತೋರಿಸಿದರೆ ಒಳಗೆ ತಂತಿ ಕಡಿದಿದೆ. ವಾಹನವನ್ನು ಪಕ್ಕಕ್ಕೆ ಅಲುಗಾಡಿಸಿದಾಗ ಅಂಕಿ ನಿಧಾನವಾಗಿ ಏರಿಳಿದರೆ ತೇಲು ಜೀವಂತವಾಗಿದೆ. ಜಿಗಿಜಿಗಿದು ಮಾಯವಾದರೆ ಪಟ್ಟಿ ಸವೆದಿದೆ.

‘ಕೀ ಆನ್ ಮಾಡಿ ವೈರನ್ನು ಬಾಡಿಗೆ ಮುಟ್ಟಿಸು, ಮುಳ್ಳು ಏರಿದರೆ ಮೀಟರ್ ಸರಿ ಇದೆ’ ಎಂಬ ಗ್ಯಾರೇಜಿನ ಉಪಾಯ ಹಳೆಯದು. ತತ್ತ್ವ ಸರಿಯೇ. ಆದರೆ ಟ್ಯಾಂಕಿನ ಬಾಯಿಯ ಪಕ್ಕದಲ್ಲಿ ಕಿಡಿ ಹಾರಿಸುವ ಪರೀಕ್ಷೆ ಒಳ್ಳೆಯದಲ್ಲ. ಗಣಕವಿರುವ ಹೊಸ ಮೀಟರುಗಳಿಗೂ ಅದು ಹಿತವಲ್ಲ. ಮಲ್ಟಿಮೀಟರು ಈಗ ಕೈಗೆಟುಕುವ ಬೆಲೆಗೆ ಸಿಗುವಾಗ ಈ ಸಾಹಸ ಯಾಕೆ?

ಹೊಸ ಯೂನಿಟ್ ತಂದ ಮೇಲೆ ಅದನ್ನು ಮೇಜಿನ ಮೇಲಿಟ್ಟು ತೇಲನ್ನು ಕೈಯಿಂದ ಕೆಳಗಿನಿಂದ ಮೇಲಕ್ಕೆ ಸರಿಸುತ್ತಾ ರೋಧವನ್ನು ಅಳೆಯಿರಿ. ಅಂಕಿ ಎಲ್ಲೂ ತುಂಡಾಗದೆ ಬದಲಾಗಬೇಕು. ಎರಡು ತುದಿಗಳ ಅಂಕಿಗಳು ವಾಹನದ ಸರ್ವಿಸ್ ಪುಸ್ತಕಕ್ಕೆ ಹೊಂದಬೇಕು. ಸಾಧ್ಯವಿದ್ದರೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ: ಟ್ಯಾಂಕು ಇನ್ನೂ ಮುಚ್ಚಿರುವಾಗಲೇ, ಉದ್ದನೆಯ ವೈರುಗಳಿಂದ ಹೊಸ ಯೂನಿಟ್ಟನ್ನು ವಾಹನದ ವೈರಿಗೂ ಮೈಗೂ ಜೋಡಿಸಿ, ಆಮೇಲೆ ಕೀ ಆನ್ ಮಾಡಿ ತೇಲನ್ನು ಕೈಯಿಂದ ಎತ್ತಿ ಇಳಿಸಿ. ಮುಳ್ಳು ಹಿಂಬಾಲಿಸಿದರೆ ವೈರು, ಮೀಟರು, ಯೂನಿಟ್ ಮೂರೂ ಸರಿ. ಟ್ಯಾಂಕು ತೆರೆಯುವ ಮೊದಲೇ ಇಷ್ಟು ಖಚಿತವಾಗುವುದು ಎಷ್ಟು ಸಮಾಧಾನ!

ಈಗ ಬ್ಯಾಟರಿ ಕಳಚಿ. ಮೊದಲು ಋಣ ತುದಿ. ಏಕೆಂದರೆ ವಾಹನದ ಮೈಯೆಲ್ಲ ಋಣ ತುದಿಗೆ ಸೇರಿದೆ. ಧನ ತುದಿಯನ್ನು ಮೊದಲು ಬಿಚ್ಚುವಾಗ ಸ್ಪ್ಯಾನರ್ ಮೈಗೆ ತಾಗಿದರೆ ನೂರಾರು ಆಂಪಿಯರಿನ ಕಿಡಿ ಹಾರುತ್ತದೆ. ಋಣ ತುದಿ ಬಿಚ್ಚಿದ್ದರೆ ಆ ಮಂಡಲವೇ ಪೂರ್ಣವಾಗುವುದಿಲ್ಲ.

ವಾಹನ ಬಯಲಲ್ಲಿ, ಸಮನೆಲದ ಮೇಲೆ ನಿಂತಿರಲಿ. ಒಲೆ, ಬೀಡಿ, ಕರೆಂಟಿನ ಕೈದೀಪ ಯಾವುದೂ ಹತ್ತಿರ ಬೇಡ. ಪುಡಿಯ ಅಗ್ನಿಶಾಮಕವೋ, ಅದಿಲ್ಲದಿದ್ದರೆ ಒಣ ಮರಳಿನ ಎರಡು ಬುಟ್ಟಿಯೋ ಪಕ್ಕದಲ್ಲಿರಲಿ. ನೀರು ಸುರಿದರೆ ಉರಿಯುವ ಇಂಧನ ನೀರಿನ ಮೇಲೆ ತೇಲಿ ಇನ್ನೂ ಹರಡುತ್ತದೆ. ಟ್ಯಾಂಕಿನಲ್ಲಿ ಇಂಧನ ಕಾಲು ಭಾಗಕ್ಕಿಂತ ಕಡಿಮೆ ಇದ್ದಷ್ಟೂ ಕೈ ಒದ್ದೆಯಾಗುವುದು ಕಡಿಮೆ. ತೆಗೆಯಲೇಬೇಕಾದರೆ ಲೋಹದ ಕ್ಯಾನಿಗೆ ತೆಗೆಯಿರಿ, ಪ್ಲಾಸ್ಟಿಕ್ ಕೊಡಕ್ಕಲ್ಲ. ಬಾಯಿಂದ ಎಳೆಯುವುದಂತೂ ಕೂಡದೇ ಕೂಡದು, ಡೀಸೆಲ್ ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಸಂಚಕಾರ. ಕೆಲಸ ಶುರು ಮಾಡುವ ಮುನ್ನ ವಾಹನದ ಬಣ್ಣವಿಲ್ಲದ ಲೋಹವನ್ನು ಒಮ್ಮೆ ಮುಟ್ಟಿ. ಮೈಮೇಲಿನ ಸ್ಥಿರ ವಿದ್ಯುತ್ ಅಲ್ಲೇ ಇಳಿದುಹೋಗುತ್ತದೆ.

ಯೂನಿಟ್ಟಿನ ಸುತ್ತಲಿನ ಕೆಸರನ್ನು ಬ್ರಷ್ಷಿನಿಂದ ಚೆನ್ನಾಗಿ ತೆಗೆಯಿರಿ. ಜನ ಮರೆಯುವುದು ಈ ಹೆಜ್ಜೆಯನ್ನೇ. ಬಿಚ್ಚಿದ ಮೇಲೆ ಉದುರುವ ಮಣ್ಣು ಟ್ಯಾಂಕಿನೊಳಗೆ ಬೀಳುತ್ತದೆ. ಮುಂದೆ ಫಿಲ್ಟರು ಕಟ್ಟಿಕೊಂಡು ಬೇರೆಯೇ ರಗಳೆ ಶುರುವಾಗುತ್ತದೆ. ಹಳೆಯ ಯೂನಿಟ್ ಯಾವ ದಿಕ್ಕಿಗೆ ಕೂತಿತ್ತೆಂದು ಸುಣ್ಣದಿಂದ ಗುರುತು ಮಾಡಿ. ಹಲವು ಯೂನಿಟ್ಟುಗಳಿಗೆ ಐದು ಸ್ಕ್ರೂ. ಆರು ಹಾಕಿ ಸಮನಾಗಿ ಹಂಚಬಹುದಿತ್ತಲ್ಲ ಎನಿಸಬಹುದು. ಆ ಐದನ್ನು ಬೇಕೆಂದೇ ಅಸಮ ಅಂತರದಲ್ಲಿ ಕೊರೆದಿರುತ್ತಾರೆ, ಒಂದೇ ದಿಕ್ಕಿನಲ್ಲಿ ಕೂರಲಿ ಎಂದು. ಕೆಲವಕ್ಕೆ ಸ್ಕ್ರೂ ಬದಲು ತಿರುಗಿಸುವ ಬಳೆ ಇರುತ್ತದೆ. ಅದನ್ನು ಕಬ್ಬಿಣದ ಉಳಿಯಿಂದ ಬಡಿಯಬಾರದು, ಕಿಡಿ ಹಾರುತ್ತದೆ. ಗಟ್ಟಿ ಮರದ ತುಂಡಿನಿಂದ ಮೆಲ್ಲಗೆ ತಟ್ಟಿ ತಿರುಗಿಸಿ.

ಯೂನಿಟ್ಟನ್ನು ನೇರವಾಗಿ ಮೇಲಕ್ಕೆಳೆದರೆ ತೇಲು ಬಾಯಿಗೆ ಸಿಕ್ಕಿಕೊಳ್ಳುತ್ತದೆ. ಸ್ವಲ್ಪ ಎತ್ತಿ, ಓರೆ ಮಾಡಿ, ಕಡ್ಡಿಯನ್ನು ಹಾವನ್ನು ಬುಟ್ಟಿಯಿಂದ ತೆಗೆದಂತೆ ಹೊರತನ್ನಿ. ಒಳಗಿನಿಂದ ತೊಟ್ಟಿಕ್ಕುವುದು ಟ್ಯಾಂಕಿಗೇ ಬೀಳಲಿ. ತಕ್ಷಣ ಬಾಯಿಗೆ ಒಂದು ಒದ್ದೆ ಬಟ್ಟೆ ಮುಚ್ಚಿ. ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕದಲ್ಲಿ ಹಿಡಿದು ಕಡ್ಡಿಯ ಉದ್ದ, ಬಾಗು, ತೇಲಿನ ಜಾಗ ಹೋಲಿಸಿ. ಕಡ್ಡಿ ಎರಡು ಸೆಂಟಿಮೀಟರ್ ಉದ್ದವಾದರೆ ತೇಲು ತಳಕ್ಕೆ ತಾಗಿ, ಟ್ಯಾಂಕು ಬತ್ತಿದರೂ ಮುಳ್ಳು ಕೊನೆ ಮುಟ್ಟುವುದಿಲ್ಲ. ಸುಳ್ಳಿನ ಎರಡನೆಯ ಬಗೆ ಎಂದೆನಲ್ಲ, ಅದು.

ಹಳೆಯ ಪ್ಯಾಕಿಂಗನ್ನು ಮತ್ತೆ ಬಳಸಬೇಡಿ. ಅದರ ಚೂರುಗಳನ್ನು ಕೆರೆದು ತೆಗೆದು ಹೊಸದನ್ನೇ ಇಡಿ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಸಿಲಿಕಾನ್ ಅಂಟು ಪೆಟ್ರೋಲಿಗೆ ಮೆತ್ತಗಾಗಿ ಕಿತ್ತುಬರುತ್ತದೆ. ಡೀಸೆಲ್ಲಿಗೂ ಅದನ್ನು ನಂಬುವುದು ಬೇಡ. ಸ್ಕ್ರೂಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಒಂದನ್ನೇ ಪೂರ್ತಿ ಬಿಗಿದರೆ ತಲೆಯ ತಗಡು ಬಾಗಿ ಇನ್ನೊಂದು ಬದಿ ಬಾಯಿ ಬಿಡುತ್ತದೆ. ವೈರು ಜೋಡಿಸಿ, ಅರ್ಥಿಂಗಿನ ಜಾಗವನ್ನು ಹೊಳೆಯುವಂತೆ ಉಜ್ಜಿ ಬಿಗಿದು ಮೇಲೆ ತೆಳ್ಳಗೆ ಗ್ರೀಸು ಹಚ್ಚಿ. ಕೊನೆಗೆ ಬ್ಯಾಟರಿ, ಈ ಸಲ ಋಣ ತುದಿ ಕೊನೆಯಲ್ಲಿ.

ಟ್ಯಾಂಕು ತೆರೆಯಲು ಇನ್ನೂ ವಯಸ್ಸಾಗದ ಪ್ರೌಢಶಾಲೆಯವರು ಬೇಸರಪಡಬೇಕಿಲ್ಲ. ಇದೇ ಯಂತ್ರವನ್ನು ನೀರಿನಲ್ಲಿ ಕಟ್ಟಬಹುದು. 500 ಓಮ್‌ನ ಒಂದು ತಿರುಗುವ ರೋಧಕ, ಸೈಕಲ್ಲಿನ ಒಂದು ಹಳೆಯ ಕಡ್ಡಿ, ಥರ್ಮೋಕೋಲಿನ ತುಂಡು, ಎರಡು ಟಾರ್ಚ್ ಸೆಲ್ಲು, 100 ಓಮ್‌ನ ಸ್ಥಿರ ರೋಧಕ, ಶಾಲೆಯ ಮಿಲಿಆಮೀಟರ್, ಒಂದು ಬಕೆಟ್ ನೀರು. ಕಡ್ಡಿಯನ್ನು ರೋಧಕದ ಗುಂಡಿಗೆ ಕಟ್ಟಿ, ತುದಿಗೆ ಥರ್ಮೋಕೋಲ್ ಸಿಕ್ಕಿಸಿ. ಗುಂಡಿ ಬಿಗಿಯಾಗಿದ್ದರೆ ತುಂಡು ದೊಡ್ಡದಿರಲಿ. ರೋಧಕವನ್ನು ನೀರಿಗೆ ತಾಗದಂತೆ ಬಕೆಟ್ಟಿನ ಅಂಚಿಗೆ ಬಿಗಿಯಿರಿ. ಗುಂಡಿ ಪೂರ್ತಿ ತಿರುಗುವುದು 270 ಡಿಗ್ರಿಯಷ್ಟು, ಕಡ್ಡಿ ತಿರುಗುವುದು 60 ಡಿಗ್ರಿ. ಆದ್ದರಿಂದ ಬಳಕೆಗೆ ಬರುವುದು ಸುಮಾರು 110 ಓಮ್ ಮಾತ್ರ, ಪ್ರವಾಹ 30ರಿಂದ 14 ಮಿಲಿಆಂಪಿಯರಿನ ನಡುವೆ ಓಡಾಡುತ್ತದೆ. ಒಂದೊಂದೇ ಲೀಟರ್ ನೀರು ಸುರಿದು ಪ್ರವಾಹ ಬರೆದುಕೊಂಡು ನಕ್ಷೆ ಎಳೆಯಿರಿ. ರೇಖೆ ನೇರ ಬರದಿದ್ದರೆ, ಏಕೆಂದು ನಿಮಗೆ ಈಗ ಗೊತ್ತು.

ಜೀಪಿನದೂ ಹೀಗೆಯೇ ಒಂದು ನಕ್ಷೆ ಬೇಕು. ಹೊಸ ಯೂನಿಟ್ ಕೂರಿಸಿದ ಮೇಲೆ ಬಂಕಿನ ಸಮನೆಲದಲ್ಲಿ ನಿಲ್ಲಿಸಿ, 5 ಲೀಟರಿನಂತೆ ತುಂಬಿಸುತ್ತಾ, ಪ್ರತಿ ಸಲವೂ ಮುಳ್ಳು ಎಲ್ಲಿ ನಿಂತಿತೆಂದು ಒಂದು ಚೀಟಿಯಲ್ಲಿ ಬರೆದು ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿಡಿ. ಬಂಕಿನವರಿಗೆ ಸ್ವಲ್ಪ ತಾಳ್ಮೆ ಬೇಕು, ಹಿಂದೆ ಸಾಲು ನಿಂತಿಲ್ಲದ ಹೊತ್ತು ನೋಡಿಕೊಳ್ಳಿ. ತುಂಬಿದ ಟ್ಯಾಂಕಿನೊಂದಿಗೆ ಮನೆಗೆ ಮರಳಿದ ರಾತ್ರಿ, ಯೂನಿಟ್ ಇರುವ ಬದಿ ಕೆಳಗಾಗುವಂತೆ ಜೀಪನ್ನು ಅಂಗಳದ ಇಳಿಜಾರಿನಲ್ಲಿ ಗೇರಿಗೆ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸಿ. ಇಂಧನ ಪ್ಯಾಕಿಂಗಿನ ಮಟ್ಟಕ್ಕೆ ಏರಿ ನಿಲ್ಲುವುದು ಆಗಲೇ. ಬೆಳಿಗ್ಗೆ ಸ್ಕ್ರೂಗಳ ಸುತ್ತ ಬೆರಳಾಡಿಸಿ ನೋಡಿ. ಒಣಗಿದ್ದರೆ ಮುಚ್ಚಳ ಹಾಕಿ ಸೀಟು ಕೂರಿಸಬಹುದು.